ಗೂಡ್ಸ್ ವ್ಯಾಗನ್ನಿಗೂ ಒಂದು ಚರಿತ್ರೆ

ವೇಲ್ಸ್ ಪ್ರಾಂತದ ದಕ್ಷಿಣ ಕರಾವಳಿಯಲ್ಲಿ ಬ್ಯಾರಿ ಎಂಬ ಬಂದರು ಪಟ್ಟಣವಿದೆ. 1960ರ ದಶಕದಲ್ಲಿ ಅಲ್ಲಿಯ ವುಡ್‌ಹ್ಯಾಮ್ ಸೋದರರ ಗುಜರಿ ಅಂಗಳಕ್ಕೆ ಬ್ರಿಟಿಷ್ ರೈಲ್ವೆಯಿಂದ ನಿವೃತ್ತಿಯಾದ ಉಗಿ ಎಂಜಿನ್ನುಗಳು ಸಾಲುಸಾಲಾಗಿ ಬಂದು ನಿಂತವು. ಜೊತೆಗೆ ಹಳೆಯ ಗೂಡ್ಸ್ ವ್ಯಾಗನ್ನುಗಳೂ ರಾಶಿಗಟ್ಟಲೆ ಬಂದವು. ಎಂಜಿನ್ ಒಡೆಯುವುದು ತ್ರಾಸಿನ ಕೆಲಸ, ವ್ಯಾಗನ್ ಒಡೆಯುವುದು ಸಲೀಸು. ಆದ್ದರಿಂದ ಅಂಗಳದವರು ಮೊದಲು ವ್ಯಾಗನ್ನುಗಳಿಗೆ ಕೈ ಹಾಕಿದರು. ಎಂಜಿನ್ನುಗಳು ಸಮುದ್ರದ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತಾ ವರ್ಷಗಟ್ಟಲೆ ಸರದಿ ಕಾದವು. ಈ ವಿಳಂಬವೇ ಅವುಗಳ ಪಾಲಿಗೆ ವರವಾಯಿತು. ರೈಲು ಪ್ರೇಮಿಗಳು ಚಂದಾ ಎತ್ತಿ, ಒಂದೊಂದಾಗಿ ಕೊಂಡು, ಅಲ್ಲಿಂದ 213 ಎಂಜಿನ್ನುಗಳನ್ನು ಉಳಿಸಿಕೊಂಡರು. ಅವುಗಳಲ್ಲಿ ಹಲವು ಇಂದಿಗೂ ಹೊಗೆಯುಗುಳುತ್ತಾ ಪ್ರವಾಸಿಗಳನ್ನು ಹೊತ್ತು ಓಡುತ್ತಿವೆ.

ಎಂಜಿನ್ನುಗಳು ಬದುಕಲೆಂದು ಸತ್ತ ಆ ವ್ಯಾಗನ್ನುಗಳ ಕತೆ? ಅವುಗಳಿಗಾಗಿ ಚಂದಾ ಎತ್ತಿದವರು ವಿರಳ. ಮರದ ವ್ಯಾಗನ್ನುಗಳಿಗೆ ಬೆಂಕಿಯಿಟ್ಟು, ಉಳಿದ ಕಬ್ಬಿಣವನ್ನು ಕರಗಿಸಲು ಕಳಿಸುವುದು ಆಗ ದೇಶದ ಎಲ್ಲ ಗುಜರಿಗಳಲ್ಲೂ ನಡೆದಿದ್ದ ಕ್ರಮ. ಬ್ರಿಟನ್ನಿನ ಕಾರ್ಖಾನೆಗಳನ್ನು, ಹಡಗುಗಳನ್ನು, ಮನೆಮನೆಯ ಅಗ್ಗಿಷ್ಟಿಕೆಗಳನ್ನು ನೂರು ವರ್ಷ ಉರಿಸಿದ ಕಲ್ಲಿದ್ದಲನ್ನು ಹೊತ್ತವು ಇವೇ. ಸಂಗ್ರಹಾಲಯಗಳಲ್ಲಿ ರಾಜರಾಣಿಯರ ಬೋಗಿಗಳಿಗೆ ಸಿಕ್ಕ ಜಾಗ ಇವುಗಳಿಗೆ ಸಿಗಲಿಲ್ಲ.

ಅಚ್ಚರಿಯ ಸಂಗತಿಯೆಂದರೆ, ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಮನೆಯ ಮೂಲೆಯ ಮೇಜಿನ ಮೇಲೆ ಪುಟ್ಟ ರೈಲು ಕಟ್ಟುವ ಹವ್ಯಾಸಿಗಳು. ಇವರಲ್ಲಿ ಒಂದು ವರ್ಗದವರಿಗೆ ರೈಲು ಓಡಿದರಷ್ಟೇ ಸಾಲದು. ಓಡುವ ಪ್ರತಿಯೊಂದು ಬೋಗಿ, ಪ್ರತಿಯೊಂದು ವ್ಯಾಗನ್ ಚರಿತ್ರೆಗೆ ಸರಿಯಾಗಿರಬೇಕು. ಅಂಗೈಯಲ್ಲಿ ಹಿಡಿಸುವ ವ್ಯಾಗನ್ನೊಂದರ ಬಾಗಿಲ ಕೀಲು ಎಲ್ಲಿತ್ತು ಎಂದು ತಿಳಿಯಲು ತಿಂಗಳುಗಟ್ಟಲೆ ಹಳೆಯ ನಕ್ಷೆ, ಫೋಟೋಗಳನ್ನು ಜಾಲಾಡುವ ಜನ ಇವರು.

ಏಳಂಗುಲದ ಸುಳ್ಳು

ಬ್ರಿಟನ್ನಿನ ಮಾದರಿ ರೈಲುಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ‘ಡಬಲ್ ಓ’ ಎಂಬ ಅಳತೆ. ನಿಜವಾದ ಗಾಡಿಯ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಹದಿನಾರೂವರೆ ಅಡಿ ಉದ್ದದ ಕಲ್ಲಿದ್ದಲು ವ್ಯಾಗನ್ ಇಲ್ಲಿ 66 ಮಿ.ಮೀ. ಆಗುತ್ತದೆ. 57 ಅಡಿ ಉದ್ದದ ಪ್ರಯಾಣಿಕರ ಬೋಗಿ 228 ಮಿ.ಮೀ. ಒಂದಂಗುಲ ಅಗಲದ ಬೋಲ್ಟಿನ ತಲೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ.

ಆದರೆ ಈ ಅಳತೆಯ ಹುಟ್ಟಿನಲ್ಲೇ ಒಂದು ಸುಳ್ಳು ಅಡಗಿದೆ. ಯುರೋಪಿನ ಉಳಿದೆಡೆ ಅಡಿಗೆ ಮೂರೂವರೆ ಮಿ.ಮೀ. ಲೆಕ್ಕದಲ್ಲಿ, 16.5 ಮಿ.ಮೀ. ಅಗಲದ ಹಳಿಯ ಮೇಲೆ ಮಾದರಿಗಳು ಓಡುತ್ತಿದ್ದವು. ಬ್ರಿಟನ್ನಿನ ಸೇತುವೆ, ಸುರಂಗಗಳು ಇಕ್ಕಟ್ಟು. ಹಾಗಾಗಿ ಅಲ್ಲಿಯ ನಿಜವಾದ ಎಂಜಿನ್ನುಗಳೇ ಗಾತ್ರದಲ್ಲಿ ಕಿರಿದು. ಮೂರೂವರೆ ಮಿ.ಮೀ. ಲೆಕ್ಕದಲ್ಲಿ ಅವನ್ನು ಕಿರಿದುಗೊಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ತಯಾರಕರು ಸುಲಭದ ದಾರಿ ಹಿಡಿದರು. ಗಾಡಿಯನ್ನು 4 ಮಿ.ಮೀ.ಗೆ ಹಿಗ್ಗಿಸಿದರು, ಹಳಿಯನ್ನು ಮಾತ್ರ ಹಾಗೆಯೇ ಬಿಟ್ಟರು.

ಮೀಟರ್‌ಗೇಜು, ಬ್ರಾಡ್‌ಗೇಜುಗಳ ಗೊಂದಲ ಕಂಡ ನಮಗೆ ಇದರ ಅರ್ಥ ಬೇಗ ಆಗುತ್ತದೆ. ಬ್ರಿಟನ್ನಿನ ಹಳಿಗಳ ನಡುವಿನ ಅಂತರ 4 ಅಡಿ ಎಂಟೂವರೆ ಅಂಗುಲ. ಡಬಲ್ ಓ ಹಳಿಯನ್ನು 76 ಪಟ್ಟು ಹಿಗ್ಗಿಸಿದರೆ ಸಿಗುವುದು 4 ಅಡಿ ಒಂದೂವರೆ ಅಂಗುಲ. ಏಳು ಅಂಗುಲ ಕಡಿಮೆ! ಎದುರಿನಿಂದ ನೋಡಿದರೆ ಗಾಡಿಗಳು ಮೊಣಕಾಲು ಕೂಡಿಸಿ ನಿಂತಂತೆ ಕಾಣುತ್ತವೆ.

ಇದನ್ನು ಸಹಿಸದ ಕೆಲವರು ಹಳಿಯನ್ನು 18 ಮಿ.ಮೀ.ಗೆ ಅಗಲಿಸಿದರು. 1960ರ ದಶಕದಲ್ಲಿ ಇನ್ನೂ ಕಟ್ಟುನಿಟ್ಟಿನವರು ಲೆಕ್ಕ ಹಾಕಿ 18.83 ಮಿ.ಮೀ. ಎಂದು ತೀರ್ಮಾನಿಸಿದರು. ದಶಾಂಶದ ಎರಡನೇ ಸ್ಥಾನದವರೆಗೆ! ಅಂಗಡಿಯಲ್ಲಿ ಸಿಕ್ಕುವ ಹಳಿ ಇದಕ್ಕೆ ಒಗ್ಗದು. ಹಳಿಯನ್ನೂ ಕೈಯಾರೆ ಜೋಡಿಸಬೇಕು, ಪ್ರತಿ ಚಕ್ರವನ್ನೂ ಬದಲಿಸಬೇಕು. ಒಂದು ಸುಳ್ಳನ್ನು ತಿದ್ದಲು ಹೊರಟವರು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಮೊದಲು ಇಸವಿ ಹೇಳಿ

ಚರಿತ್ರೆಗೆ ಸರಿಯಾದ ಮಾದರಿ ಮಾಡುವವನು ಕತ್ತರಿ, ಗೋಂದು ಹಿಡಿಯುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಯಾವ ಊರು, ಯಾವ ಇಸವಿ? ಇದು ತೀರ್ಮಾನವಾಗದೆ ಬಣ್ಣದ ಡಬ್ಬಿ ತೆರೆಯುವಂತಿಲ್ಲ.

ಗ್ರೇಟ್ ವೆಸ್ಟರ್ನ್ ರೈಲ್ವೆಯ ಬೋಗಿಗಳನ್ನೇ ನೋಡಿ. ಕೆಳಗೆ ಚಾಕೊಲೇಟ್ ಬಣ್ಣ, ಮೇಲೆ ಕೆನೆಬಣ್ಣ ಎಂದರೆ ಅದು ಗ್ರೇಟ್ ವೆಸ್ಟರ್ನ್ ಎಂದು ಮಕ್ಕಳೂ ಹೇಳುತ್ತಾರೆ. ಆದರೆ 1908ರಿಂದ 1912ರವರೆಗೆ ಅದೇ ಕಂಪನಿ ಬೋಗಿಗಳಿಗೆ ಪೂರ್ತಿ ಕಂದು ಬಳಿಯಿತು. 1912ರಿಂದ ಕಡುಗೆಂಪು. 1922ರಲ್ಲಿ ಮತ್ತೆ ಚಾಕೊಲೇಟ್ ಮತ್ತು ಕೆನೆ. 1915ರ ನಿಲ್ದಾಣ ಕಟ್ಟಿದವನು ಹೊಚ್ಚಹೊಸದಾಗಿ ಬಣ್ಣ ಬಳಿದ ಚಾಕೊಲೇಟು-ಕೆನೆಯ ಬೋಗಿ ನಿಲ್ಲಿಸಿದರೆ ಬಲ್ಲವರು ಮುಗುಳ್ನಗುತ್ತಾರೆ.

1923ರಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಸೇರಿ ನಾಲ್ಕು ದೊಡ್ಡ ಕಂಪನಿಗಳಾದವು. 1948ರ ಜನವರಿ 1ರಂದು ಆ ನಾಲ್ಕೂ ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆಯಿತು. ಅದರ ಮರುವರ್ಷ ಬಂದ ಕೆಂಪು ಮತ್ತು ಕೆನೆ ಬಣ್ಣದ ಜೋಡಿಗೆ ಅಲ್ಲಿಯ ಜನ ‘ರಕ್ತ ಮತ್ತು ಕಸ್ಟರ್ಡ್’ ಎಂದು ಅಡ್ಡಹೆಸರಿಟ್ಟರು. 1956ರಲ್ಲಿ ಅದೂ ಹೋಗಿ ಕಡುಗೆಂಪಿನ ಕಾಲ ಬಂತು.

ಬೋಗಿಯ ಬಾಗಿಲ ಮೇಲಿನ ಒಂದೇ ಒಂದು ಅಂಕಿಯಲ್ಲೂ ಇಸವಿ ಅಡಗಿದೆ. ಮಿಡ್‌ಲೆಂಡ್ ರೈಲ್ವೆ 1872ರಲ್ಲಿ ತನ್ನ ಎಲ್ಲ ರೈಲುಗಳಿಗೂ ಮೂರನೇ ದರ್ಜೆಯವರನ್ನು ಹತ್ತಿಸಿಕೊಳ್ಳಲು ಶುರುಮಾಡಿತು. 1875ರಲ್ಲಿ ಎರಡನೇ ದರ್ಜೆಯನ್ನೇ ತೆಗೆದುಹಾಕಿತು. ಕ್ರಮೇಣ ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಫಲವಾಗಿ ದಶಕಗಟ್ಟಲೆ ಬ್ರಿಟನ್ನಿನ ಬಹುತೇಕ ರೈಲುಗಳಲ್ಲಿ ಒಂದನೇ ದರ್ಜೆ ಇತ್ತು, ಮೂರನೇ ದರ್ಜೆ ಇತ್ತು, ಎರಡನೆಯದು ಮಾತ್ರ ಇರಲಿಲ್ಲ! 1956ರ ಜೂನ್ ತಿಂಗಳಲ್ಲಿ ಮೂರನೇ ದರ್ಜೆಗೇ ಎರಡನೇ ದರ್ಜೆ ಎಂದು ಹೆಸರಿಟ್ಟರು. ನಮ್ಮಲ್ಲಿ ಮೂರನೇ ದರ್ಜೆ ಹೋದದ್ದು 1974ರಲ್ಲಿ. 1950ರ ಬೋಗಿಯ ಬಾಗಿಲಿಗೆ ಮಾದರಿಕಾರ ‘2’ ಎಂದು ಅಂಟಿಸಿದರೆ, ಒಂದೂವರೆ ಮಿಲಿಮೀಟರಿನ ಆ ಅಂಕಿ ಇಡೀ ರೈಲನ್ನು ಸುಳ್ಳು ಮಾಡುತ್ತದೆ.

ಬಿಳಿ ಪಟ್ಟೆಯ ಗುಟ್ಟು

ಬೋಗಿಗಳಿಗಿಂತ ವ್ಯಾಗನ್ನುಗಳ ಚರಿತ್ರೆ ಜಟಿಲ. ಎರಡನೇ ಮಹಾಯುದ್ಧದವರೆಗೆ ಬ್ರಿಟನ್ನಿನ ಕಲ್ಲಿದ್ದಲು ವ್ಯಾಗನ್ನುಗಳಲ್ಲಿ ಬಹುಪಾಲು ರೈಲ್ವೆಯವಾಗಿರಲಿಲ್ಲ. ಗಣಿಗಳು, ಕಾರ್ಖಾನೆಗಳು, ಊರೂರಿನ ಕಲ್ಲಿದ್ದಲು ವ್ಯಾಪಾರಿಗಳು ಸ್ವಂತ ವ್ಯಾಗನ್ ಇಟ್ಟುಕೊಂಡಿದ್ದರು. ಬೆರಳೆಣಿಕೆಯ ವ್ಯಾಗನ್ನುಗಳಿದ್ದ ಸಣ್ಣ ವ್ಯಾಪಾರಿಯೂ ತನ್ನ ಹೆಸರು, ಊರುಗಳನ್ನು ಎರಡಾಳು ದೂರದಿಂದ ಕಾಣುವಂತೆ ಬಣ್ಣಬಣ್ಣದ ಅಕ್ಷರಗಳಲ್ಲಿ ಬರೆಸುತ್ತಿದ್ದ. ನಮ್ಮ ಲಾರಿಗಳ ಹಿಂದಿನ ಬರಹದಂತೆ ಎನ್ನಿ. ಗೂಡ್ಸ್ ಗಾಡಿ ಹಾದುಹೋದರೆ ಓಡುವ ಜಾಹೀರಾತು ಫಲಕಗಳ ಮೆರವಣಿಗೆಯೇ!

1939ರಲ್ಲಿ ಯುದ್ಧ ಆರಂಭವಾದಾಗ ಸರ್ಕಾರ ಈ ಖಾಸಗಿ ವ್ಯಾಗನ್ನುಗಳಲ್ಲಿ ಬಹುತೇಕವನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವಕ್ಕೆ ಹೊಸ ಬಣ್ಣ ಬೀಳಲಿಲ್ಲ. ಹಲಗೆ ಮುರಿದರೆ ಬಣ್ಣವಿಲ್ಲದ ಹೊಸ ಹಲಗೆ ಕೂರಿಸುತ್ತಿದ್ದರು. ಮಾಲೀಕನ ಹೆಸರಿನ ನಡುವೆ ಹೀಗೆ ಬರಿಯ ಮರದ ಪಟ್ಟಿಗಳು ಕಾಣಿಸಿಕೊಂಡವು. 1948ರ ರಾಷ್ಟ್ರೀಕರಣದ ಹೊತ್ತಿಗೆ ಇಂಥ ಐದು ಲಕ್ಷಕ್ಕೂ ಹೆಚ್ಚು ವ್ಯಾಗನ್ನುಗಳು ಸರ್ಕಾರದ ಪಾಲಾದವು. ಅವುಗಳ ಹೊಸ ಸಂಖ್ಯೆಯ ಹಿಂದೆ ‘ಪಿ’ ಎಂಬ ಅಕ್ಷರ ಸೇರಿತು. 1938ರ ವ್ಯಾಗನ್ ಹಬ್ಬದ ಉಡುಪಿನಲ್ಲಿದ್ದರೆ 1948ರ ಅದೇ ವ್ಯಾಗನ್ ತೇಪೆ ಹಾಕಿದ ಅಂಗಿಯಲ್ಲಿರುತ್ತದೆ. ಎರಡೂ ಸತ್ಯ, ಆದರೆ ಒಂದೇ ಗಾಡಿಗೆ ಪೋಣಿಸುವಂತಿಲ್ಲ.

ಕೆಲವು ವ್ಯಾಗನ್ನುಗಳ ಪಕ್ಕೆಯ ಮೇಲೆ ಓರೆಯಾಗಿ ಎಳೆದ ಬಿಳಿ ಪಟ್ಟೆಯೊಂದು ಕಾಣುತ್ತದೆ. ಅದು ಅಲಂಕಾರವಲ್ಲ. ಬಂದರಿನಲ್ಲಿ ವ್ಯಾಗನ್ನನ್ನು ಎತ್ತಿ ಒಂದು ತುದಿಗೆ ವಾಲಿಸಿ ಕಲ್ಲಿದ್ದಲನ್ನು ಹಡಗಿಗೆ ಸುರಿಯುತ್ತಿದ್ದರು. ಅದಕ್ಕೆ ವ್ಯಾಗನ್ನಿನ ಆ ತುದಿಯಲ್ಲಿ ಬಾಗಿಲಿರಬೇಕು. ಬಾಗಿಲು ಯಾವ ತುದಿಗಿದೆ ಎಂದು ಕೂಲಿಯವನಿಗೆ ದೂರದಿಂದಲೇ ತಿಳಿಯಲೆಂದು ಪಟ್ಟೆ ಆ ತುದಿಯತ್ತ ಮೇಲೇರುವಂತೆ ಎಳೆಯುತ್ತಿದ್ದರು. ಬಾಗಿಲಿಲ್ಲದ ತುದಿಗೆ ಪಟ್ಟೆ ಎಳೆದ ಆಟಿಕೆಗಳು ಬಂದದ್ದುಂಟು. ನಿಜವಾದ ಬಂದರಿನಲ್ಲಿ ಹೀಗಾಗಿದ್ದರೆ ಕೂಲಿಯವನ ಗತಿ?

ಗಾಡಿಯಲ್ಲಿ ಯಾವ ವ್ಯಾಗನ್ ಎಷ್ಟಿರಬೇಕು ಎನ್ನುವುದಕ್ಕೂ ಚರಿತ್ರೆಯ ಕಟ್ಟಳೆಯಿದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಎಲ್ಲ ಕಂಪನಿಗಳ ಸಾಮಾನ್ಯ ವ್ಯಾಗನ್ನುಗಳನ್ನೂ ಒಟ್ಟು ಸೇರಿಸಿ ಯಾರು ಬೇಕಾದರೂ ಬಳಸಬಹುದೆಂಬ ವ್ಯವಸ್ಥೆ ಬಂತು. ಹೀಗಾಗಿ ಗ್ರೇಟ್ ವೆಸ್ಟರ್ನ್‌ನ ಹಳ್ಳಿ ನಿಲ್ದಾಣದಲ್ಲೂ ಉತ್ತರದ ದೊಡ್ಡ ಕಂಪನಿಗಳ ವ್ಯಾಗನ್ನುಗಳೇ ಹೇರಳ. ತನಗೆ ಪ್ರಿಯವಾದ ಕಂಪನಿಯ ವ್ಯಾಗನ್ನುಗಳನ್ನಷ್ಟೇ ಕೂಡಿಸಿದ ಗೂಡ್ಸ್ ಗಾಡಿ ನೋಡಲು ಚೆಂದ, ಚರಿತ್ರೆಗೆ ದೂರ. ಗಾಡಿ ಜೋಡಿಸುವವನು ಇಲ್ಲಿ ಸ್ವಲ್ಪ ಸಂಖ್ಯಾಶಾಸ್ತ್ರಜ್ಞನೂ ಆಗಬೇಕು.

ಬೋಗಿಯ ಹೊಟ್ಟೆಯ ಕೆಳಗೆ

ಬೋಗಿಯ ಹೊಟ್ಟೆಯ ಕೆಳಗೆ ಯಾರೂ ಬಗ್ಗಿ ನೋಡುವುದಿಲ್ಲ. ಅಲ್ಲಿಯ ಕೊಳವೆ, ಪೆಟ್ಟಿಗೆಗಳಿಗಾಗಿ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಉತ್ತರ ಬೇಕಾದರೆ 1915ರ ಮೇ 22ನ್ನು ನೆನೆಯಬೇಕು.

ಹಿಂದೆ ಬೋಗಿಗಳಲ್ಲಿ ಎಣ್ಣೆದೀಪಗಳಿದ್ದವು. ಬಳಿಕ ಗ್ಯಾಸ್ ದೀಪ ಬಂತು. ಉದ್ದನೆಯ ಸಿಲಿಂಡರುಗಳಲ್ಲಿ ಒತ್ತಿ ತುಂಬಿದ ಗ್ಯಾಸನ್ನು ಬೋಗಿಯ ಅಡಿಯಲ್ಲಿ ಇಡುತ್ತಿದ್ದರು. ಮೇಲೆ ಮರದ ಬೋಗಿ, ಕೆಳಗೆ ಗ್ಯಾಸ್. ಆ ದಿನ ಬೆಳಗ್ಗೆ ಸ್ಕಾಟ್ಲೆಂಡಿನ ಗಡಿಯ ಕ್ವಿಂಟಿನ್ಸ್‌ಹಿಲ್ ಎಂಬಲ್ಲಿ ಸೈನಿಕರನ್ನು ತುಂಬಿಕೊಂಡು ಬರುತ್ತಿದ್ದ ರೈಲು, ನಿಂತಿದ್ದ ಇನ್ನೊಂದು ರೈಲಿಗೆ ಢಿಕ್ಕಿ ಹೊಡೆಯಿತು. ಸ್ವಲ್ಪ ಹೊತ್ತಿನಲ್ಲೇ ಎದುರಿನಿಂದ ಬಂದ ಎಕ್ಸ್‌ಪ್ರೆಸ್ ಆ ರಾಶಿಯೊಳಗೆ ನುಗ್ಗಿತು. ಎಂಜಿನ್ನಿನ ಕೆಂಡ, ಮರ, ಗ್ಯಾಸ್ ಮೂರೂ ಕೂಡಿದವು. 200ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಯುದ್ಧಕ್ಕೆ ಹೊರಟಿದ್ದ ರಾಯಲ್ ಸ್ಕಾಟ್ಸ್ ದಳದ ಯುವಕರು. ಬ್ರಿಟನ್ನಿನ ರೈಲು ಚರಿತ್ರೆಯಲ್ಲೇ ಅತಿ ಹೆಚ್ಚು ಜೀವ ತೆಗೆದುಕೊಂಡ ಅಪಘಾತ ಅದು.

ಆ ಕಾಲದ ಬೋಗಿಯ ಮಾದರಿಗೆ ಅಡಿಯಲ್ಲಿ ಗ್ಯಾಸ್ ಸಿಲಿಂಡರ್ ಇರಬೇಕೋ, ವಿದ್ಯುತ್ತಿನ ಬ್ಯಾಟರಿ ಪೆಟ್ಟಿಗೆ ಮತ್ತು ಡೈನಮೊ ಇರಬೇಕೋ ಎಂಬ ಪ್ರಶ್ನೆ ಈಗ ಬರಿಯ ಹವ್ಯಾಸದ ಚಪಲವಾಗಿ ಉಳಿಯುವುದಿಲ್ಲ. ಒಳಗೆ ಕೂತವರ ಪ್ರಾಣ ಅದರ ಮೇಲೆ ನಿಂತಿತ್ತು.

ಕ್ಯಾಮೆರಾ ಕೂಡ ಸುಳ್ಳು ಹೇಳುತ್ತದೆ

ಹಾಗಾದರೆ ಆಧಾರಗಳು ಎಲ್ಲಿವೆ? ಕಂಪನಿಗಳ ನಕ್ಷೆಗಳು, ಬಣ್ಣ ಬಳಿಯುವ ಬಗ್ಗೆ ಹೊರಡಿಸಿದ ಆದೇಶಗಳು, ಫೋಟೋಗಳು. ಗ್ಲಾಸ್ಟರ್ ಪಟ್ಟಣದ ವ್ಯಾಗನ್ ಕಾರ್ಖಾನೆಯವರು ತಾವು ಕಟ್ಟಿದ ಖಾಸಗಿ ವ್ಯಾಗನ್ನುಗಳನ್ನು ಗಿರಾಕಿಗೆ ಒಪ್ಪಿಸುವ ಮುನ್ನ ಫೋಟೋ ತೆಗೆಸುತ್ತಿದ್ದರು. ಅವು ಇಂದು ಬೆಲೆ ಕಟ್ಟಲಾಗದ ದಾಖಲೆಗಳು. ಕೆಲವೆಡೆ ಹಳೆಯ ಬೋಗಿಗಳ ಮೈಯನ್ನು ಜನ ಕೊಂಡು ತೋಟದ ಮನೆ, ಕೋಳಿಗೂಡು ಮಾಡಿಕೊಂಡಿದ್ದರು. ಅಂಥವು ಸಿಕ್ಕಾಗ ಅಳತೆ ಹಿಡಿದು, ಬಣ್ಣವನ್ನು ಪದರ ಪದರವಾಗಿ ಕೆರೆದು ಮೂಲ ಬಣ್ಣ ಪತ್ತೆ ಹಚ್ಚಿದವರಿದ್ದಾರೆ.

ಫೋಟೋ ಇದ್ದ ಮಾತ್ರಕ್ಕೆ ಬಣ್ಣ ತಿಳಿಯದು. ಹಳೆಯ ಫೋಟೋ ಗಾಜುಗಳ ಮೇಲಿನ ಲೇಪ ನೀಲಿ ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿತ್ತು, ಕೆಂಪಿಗೆ ಕುರುಡು. ಆದ್ದರಿಂದ ಕೆಂಪು ವ್ಯಾಗನ್ ಚಿತ್ರದಲ್ಲಿ ಕಪ್ಪಾಗಿ ಬರುತ್ತದೆ, ನೀಲಿ ಬಣ್ಣ ಬಿಳುಪಿಗೆ ತಿರುಗುತ್ತದೆ. ಬಿಳಿ ಅಕ್ಷರದ ಪಕ್ಕದ ನೆರಳುಗೆರೆ ಕೆಂಪೋ ಕಪ್ಪೋ ಎಂದು ಕಣ್ಣಿನಿಂದ ನಿರ್ಧರಿಸಲಾಗದು. ಸಾಲದ್ದಕ್ಕೆ, ಫೋಟೋ ಚೆನ್ನಾಗಿ ಬರಲೆಂದೇ ಹೊಸ ಗಾಡಿಗೆ ತಾತ್ಕಾಲಿಕವಾಗಿ ಬೂದುಬಣ್ಣ ಬಳಿಯುವ ಪದ್ಧತಿಯೂ ಇತ್ತು! ಗ್ರೇಟ್ ವೆಸ್ಟರ್ನ್‌ನ ವ್ಯಾಗನ್ನುಗಳು ಕೆಂಪಿನಿಂದ ಕಡುಬೂದಿಗೆ ತಿರುಗಿದ್ದು ಯಾವಾಗ ಎಂಬ ಬಗ್ಗೆ ಆಸಕ್ತರಲ್ಲಿ ಎಡೆಬಿಡದ ವಾಗ್ವಾದ ನಡೆದಿರುವುದು ಇದರಿಂದಲೇ.

ಇನ್ನೊಂದು ಸ್ವಾರಸ್ಯ ರಸಾಯನಶಾಸ್ತ್ರದ್ದು. ಆಗಿನ ಬೋಗಿಗಳ ಚಾವಣಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು ಎಂದು ಆದೇಶಗಳು ಹೇಳುತ್ತವೆ. ಚಿತ್ರಗಳಲ್ಲಿ ಚಾವಣಿ ಬೂದು. ಯಾವುದು ಸರಿ? ಎರಡೂ. ಆ ಬಿಳಿ ಬಣ್ಣ ಸೀಸದ ಕಾರ್ಬೊನೇಟಿನಿಂದ ಮಾಡಿದ್ದು. ಕಲ್ಲಿದ್ದಲ ಹೊಗೆಯಿಂದ ಕೂಡಿದ ಗಾಳಿಯಲ್ಲಿ ಗಂಧಕದ ಅನಿಲಗಳಿರುತ್ತವೆ. ಹೈಡ್ರೊಜನ್ ಸಲ್ಫೈಡ್ ತಗುಲಿದರೆ ಸೀಸ ಕಪ್ಪು ಸಲ್ಫೈಡ್ ಆಗುತ್ತದೆ. ಮೇಲೆ ಮಸಿ ಬೇರೆ. ಕಾರ್ಖಾನೆಯಿಂದ ಬಿಳಿಯಾಗಿ ಹೊರಟ ಚಾವಣಿ ಕೆಲಕಾಲದಲ್ಲೇ ಬೂದಾಗುತ್ತಿತ್ತು. ಹಾಗಾಗಿ ಮಾದರಿಕಾರ ಇಸವಿಯ ಜೊತೆಗೆ, ಈ ಬೋಗಿ ವರ್ಕ್‌ಶಾಪಿನಿಂದ ಬಂದು ಎಷ್ಟು ತಿಂಗಳಾಯಿತು ಎಂದೂ ಯೋಚಿಸಬೇಕು.

ಕೈಕೆಲಸ

ಇಷ್ಟೆಲ್ಲ ತಿಳಿದ ಮೇಲೆ ಕಟ್ಟುವ ಕೆಲಸ. ಪ್ಲಾಸ್ಟಿಕ್ಕಿನ ಬಿಡಿಭಾಗಗಳ ಪೊಟ್ಟಣಗಳು ಸಿಗುತ್ತವೆ. ಹಿತ್ತಾಳೆಯ ತೆಳು ಹಾಳೆಯನ್ನು ಆಮ್ಲದಂಥ ದ್ರಾವಣದಲ್ಲಿ ಕೊರೆದು ಮಾಡಿದ ಭಾಗಗಳನ್ನು ಬೆಸುಗೆ ಹಾಕಿ ಬೋಗಿ ಕಟ್ಟುವವರಿದ್ದಾರೆ. ಈಗ ಕಂಪ್ಯೂಟರಿನಿಂದ ಮೂರು ಆಯಾಮದ ಮುದ್ರಣವೂ ಬಂದಿದೆ. ಯಂತ್ರ ಹೇಳಿದ್ದನ್ನು ಮುದ್ರಿಸುತ್ತದೆಯೇ ಹೊರತು ಹೇಳಿದ್ದು ಸರಿಯೇ ಎಂದು ನೋಡುವುದಿಲ್ಲ. ಆ ಕೆಲಸ ಮೊದಲಿನಂತೆಯೇ ಮನುಷ್ಯನದು.

ಒಂದು ಕಲ್ಲಿದ್ದಲು ವ್ಯಾಗನ್ ಎಂದಿಟ್ಟುಕೊಳ್ಳಿ. ನಾಲ್ಕು ಪಕ್ಕೆ, ಒಂದು ತಳ. ಅವನ್ನು ಮೂಲೆಮಟ್ಟಕ್ಕೆ ಸರಿಯಾಗಿ ಅಂಟಿಸಬೇಕು. ಹನ್ನೆರಡೂವರೆ ಮಿ.ಮೀ. ವ್ಯಾಸದ ನಾಲ್ಕು ಚಕ್ರಗಳೂ ಸಮತಟ್ಟಾದ ಗಾಜಿನ ಮೇಲೆ ಏಕಕಾಲಕ್ಕೆ ಊರಿ ನಿಲ್ಲಬೇಕು. ಬ್ರೇಕಿನ ಕಟ್ಟೆಗಳು ಚಕ್ರದ ನೇರಕ್ಕೆ ಬರಬೇಕು. ಮರದ ವ್ಯಾಗನ್ನುಗಳ ಒಳಮೈಗೆ ಸಾಮಾನ್ಯವಾಗಿ ಬಣ್ಣ ಬಳಿಯುತ್ತಿರಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿಗೆ ಒಳಗಡೆ ಹಳೆಯ ಮರದ ಬೂದುಛಾಯೆ ತರಬೇಕು. ಮೂರು ಕೊಂಡಿಯ ಸರಪಳಿ ಕೊಕ್ಕೆಗೆ ಸಲೀಸಾಗಿ ಜೋತುಬೀಳಬೇಕು. ಕೊನೆಗೆ ಹೊರೆ. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು ತುಂಬುವವರು ಬಹಳ.

ಕಲ್ಲಿದ್ದಲನ್ನು ಕಿರಿದು ಮಾಡಬಹುದು, ಭೌತಶಾಸ್ತ್ರವನ್ನು ಕಿರಿದು ಮಾಡಲಾಗದು. ಉದ್ದ 76ರಲ್ಲಿ ಒಂದು ಪಾಲಾದರೆ ತೂಕ ಅದರ ಘನದಷ್ಟು, ಅಂದರೆ ಸುಮಾರು 4 ಲಕ್ಷ 40 ಸಾವಿರದಲ್ಲಿ ಒಂದು ಪಾಲಾಗಬೇಕು. ಆರೂವರೆ ಟನ್ ತೂಗುವ ಖಾಲಿ ವ್ಯಾಗನ್ ಮಾದರಿಯಲ್ಲಿ 15 ಗ್ರಾಂ ಅಷ್ಟೆ. 12 ಟನ್ ಕಲ್ಲಿದ್ದಲು ತುಂಬಿದರೂ 42 ಗ್ರಾಂ ದಾಟದು. ಇಷ್ಟು ಹಗುರವಾದದ್ದು ಹಳಿ ಕೂಡುವಲ್ಲಿ ಜಿಗಿದು ಕೆಳಗುರುಳುತ್ತದೆ. ಹಾಗಾಗಿ ಒಂದೊಂದು ಆಕ್ಸಲ್ಲಿಗೆ ಸುಮಾರು 25 ಗ್ರಾಂ ಬೀಳುವಂತೆ ತಳದಲ್ಲಿ ಸೀಸದ ಚೂರು ಅಡಗಿಸುವುದು ವಾಡಿಕೆ. ಚರಿತ್ರೆಗೆ ನಿಷ್ಠನಾದವನೂ ಇಲ್ಲಿ ಗುರುತ್ವಕ್ಕೆ ತಲೆಬಾಗಬೇಕು.

ಹಳ್ಳಿಯೊಂದರ ನೆನಪಿಗಾಗಿ

ಈ ನಿಷ್ಠೆಯ ದೊಡ್ಡ ಹೆಸರು ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್ ಆದರೂ ಆತ ಬಂದದ್ದು ಆಸ್ಟ್ರೇಲಿಯಾದಿಂದ, 1925ರಲ್ಲಿ. ವೈಟ್ ಹಾರ್ಸ್ ಕಣಿವೆಯ ಹುಲ್ಲುಚಾವಣಿಯ ಹಳ್ಳಿಮನೆಗಳಿಗೆ ಮನಸೋತರು. ಆ ಮನೆಗಳು ಕಣ್ಣೆದುರಿಗೇ ಹೊಸ ರೂಪ ತಾಳಿ ಕೆಡುತ್ತಿರುವುದನ್ನು ಕಂಡು, ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಮನೆಮನೆಯನ್ನೂ ಅಳೆದು ಕಟ್ಟಿಡುವ ಸಂಕಲ್ಪ ಮಾಡಿದರು. ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಅವರ ಪೆಂಡನ್ ಸಂಗ್ರಹಾಲಯ ಇಂದಿಗೂ ಇದೆ. ಅಲ್ಲಿ 1920-30ರ ದಶಕಗಳ ಇಂಗ್ಲೆಂಡ್ ಇದೆ. ಅದರ ನಡುವೆ ಹಾಯುವ ರೈಲುಗಳಲ್ಲಿ ಯಾವ ಬೋಗಿಯ ಹಿಂದೆ ಯಾವ ಬೋಗಿ ಎಂಬುದಕ್ಕೂ ದಾಖಲೆಯ ಆಧಾರವಿದೆ. ರಾಯ್ 1995ರಲ್ಲಿ ತೀರಿಕೊಂಡರು, ಕೆಲಸ ಸ್ವಯಂಸೇವಕರ ಕೈಯಲ್ಲಿ ಮುಂದುವರಿದಿದೆ. 1950ರಲ್ಲಿ ಹುಟ್ಟಿದ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿ ನಕ್ಷೆ, ಫೋಟೋಗಳನ್ನು ಕಾಪಿಟ್ಟು, ಬಣ್ಣ-ಅಕ್ಷರಗಳ ಬಗ್ಗೆ ಪುಸ್ತಕಗಳನ್ನೇ ಹೊರತಂದಿದೆ. ವೃತ್ತಿಪರ ಇತಿಹಾಸಕಾರರೂ ಇಂಥ ಹವ್ಯಾಸಿಗಳ ಸಂಗ್ರಹದ ಬಾಗಿಲು ತಟ್ಟುತ್ತಾರೆ.

ಇಷ್ಟು ಮಾಡಿಯೂ ಎಲ್ಲ ವಿವರ ಸಿಗುವುದಿಲ್ಲ. ವ್ಯಾಗನ್ನಿನ ಒಂದು ಪಕ್ಕೆಯ ಫೋಟೋ ಇರುತ್ತದೆ, ಇನ್ನೊಂದು ಪಕ್ಕೆಯದು ಇರುವುದಿಲ್ಲ. ಆಗ ಒಳ್ಳೆಯ ಮಾದರಿಕಾರ ಅದೇ ಕಾರ್ಖಾನೆಯ, ಅದೇ ವರ್ಷದ ಇನ್ನೊಂದು ವ್ಯಾಗನ್ನನ್ನು ನೋಡಿ ಊಹಿಸುತ್ತಾನೆ. ಇದು ಊಹೆ ಎಂದು ಹೇಳಿಕೊಳ್ಳುತ್ತಾನೆ. ನಾಳೆ ಯಾರಾದರೂ ಹಳೆಯ ಆಲ್ಬಮ್ಮಿನಿಂದ ಬೇರೆ ಚಿತ್ರ ತಂದು ತೋರಿಸಿದರೆ ಗೊಣಗದೆ ಬಣ್ಣ ಕೆರೆದು ಮತ್ತೆ ಬಳಿಯುತ್ತಾನೆ. ವಿಜ್ಞಾನದ ತರಗತಿಯಲ್ಲಿ ನಾವು ಮಕ್ಕಳಿಗೆ ಕಲಿಸಲು ಹೆಣಗುವುದೂ ಇದನ್ನೇ ಅಲ್ಲವೇ?

ಈ ಹವ್ಯಾಸಕ್ಕೆ ಇಳಿಯಬಯಸುವವರಿಗೆ ಅಲ್ಲಿಯ ಹಿರಿಯರು ಹೇಳುವ ಕಿವಿಮಾತು ಸರಳ. ಎಂಜಿನ್ನಿನಿಂದ ಆರಂಭಿಸಬೇಡಿ. ಒಂದು ಒಳ್ಳೆಯ ಫೋಟೋ ಹುಡುಕಿ, ಇಸವಿ ಖಚಿತಮಾಡಿಕೊಳ್ಳಿ, ಒಂದೇ ಒಂದು ವ್ಯಾಗನ್ ಕಟ್ಟಿ. ಅದರ ಪಕ್ಕೆಯ ಮೇಲೆ ಊರೊಂದರ ಕಲ್ಲಿದ್ದಲು ವ್ಯಾಪಾರಿಯ ಹೆಸರಿರುತ್ತದೆ. ಅವನ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ, ವ್ಯಾಗನ್ ಎಂದೋ ಸುಟ್ಟು ಬೂದಿಯಾಗಿರುತ್ತದೆ. ಆ ಹೆಸರನ್ನು, ಅವನು ಬರೆಸಿದ್ದ ಅಕ್ಷರದ ವಕ್ರತೆಯೂ ತಪ್ಪದಂತೆ, ಮೂರು ಕೂದಲಿನ ಕುಂಚದಿಂದ ಮತ್ತೊಮ್ಮೆ ಬರೆಯುವುದಕ್ಕೆ ಒಂದು ವಾರದ ಸಂಜೆಗಳು ಸಾಕು.